ಹಸಿರು ತಂತಿ

ಬುಧವಾರ ಎಲ್ಲ ದಿನದ ಹಾಗೇ ಇತ್ತು. ಅವರು ಬೆಳಿಗ್ಗೆ ಐದೂವರೆಗೆ ಎದ್ದರು. ಮುಖ ತೊಳೆದು, ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ನಾನು ಚಹಾಕ್ಕೆ ನೀರಿಟ್ಟಿದ್ದೆ. ಕೆಲಸದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು "ಕೇಳು" ಅಂದರು.

ನನ್ನ ಗಂಡ ಮೂವತ್ತೆಂಟನೇ ವಯಸ್ಸಿನಲ್ಲಿ ಕರೆಂಟಿನ ಕೆಲಸ ಕಲಿಯುತ್ತಿದ್ದರು. ಎರಡನೇ ವರ್ಷ ಮುಗಿಯುತ್ತಾ ಬಂದಿತ್ತು. ಪರೀಕ್ಷೆಗೆ ಇನ್ನು ಇಪ್ಪತ್ತಮೂರು ದಿನ. ಪಾಸಾದರೆ ಅವರ ಹೆಸರಿಗೇ ಲೈಸೆನ್ಸು ಬರುತ್ತಿತ್ತು. ಅವರು ಓದಿದ್ದು ಏಳನೇ ಕ್ಲಾಸು, ನಾನು ನಾಲ್ಕು. ಅವರ ಅಕ್ಷರ ಕೋಳಿ ಕೆದರಿದ ಹಾಗೆ ಇತ್ತು. ದಿನಾ ನೋಡಿ ನೋಡಿ ನನಗೆ ರೂಢಿಯಾಗಿತ್ತು. ನಾನು ಕೇಳುವುದು, ಅವರು ಹೇಳುವುದು. ಸರಿ ಹೇಳಿದರೆ ಮಗಳ ಕೆಂಪು ಪೆನ್ಸಿಲಿನಲ್ಲಿ ನಾನು ಪಕ್ಕಕ್ಕೆ ಒಂದು ಗೀಟು ಹಾಕುವುದು.

"ಕೆಲಸ ಶುರು ಮಾಡೋ ಮುಂಚೆ?"

"ಫ್ಯೂಸ್ ತೆಗೀಬೇಕು. ತೆಗೆದಿದ್ದು ಅಲ್ಲಿ ಇಲ್ಲಿ ಇಡಬಾರದು, ಜೇಬಲ್ಲಿ ಹಾಕ್ಕೋಬೇಕು."

"ಯಾಕೆ?"

"ಇನ್ನೊಬ್ಬ ಬಂದು ಮತ್ತೆ ಸಿಗಿಸಬಾರದು ಅಂತ."

"ಕೆಂಪು ತಂತಿ?"

"ನಂಬಬೇಡ. ಟೆಸ್ಟರ್ ಹಿಡಿ."

"ಕಪ್ಪು?"

"ಅದನ್ನೂ ನಂಬಬೇಡ. ಟೆಸ್ಟರ್ ಹಿಡಿ."

"ಹಸಿರು?"

"ತಾಯಿ ಇದ್ದ ಹಾಗೆ. ಭಯವಿಲ್ಲ."

ಗೀಟು ಹಾಕಿದೆ. ಆ ಸಾಲಿನ ಪಕ್ಕ ಮೊದಲೇ ಏಳೆಂಟು ಗೀಟು ಇದ್ದವು.

"ಎಲ್ಲ ನಿನಗೇ ಬರುತ್ತೆ ಕಣೇ," ಅಂದರು. "ಪರೀಕ್ಷೆಗೆ ನೀನೇ ಹೋಗು. ನಾನು ಅಡುಗೆ ಮಾಡ್ಕೊಂಡು ಮನೇಲಿರ್ತೀನಿ."

"ನೀವು ಮಾಡಿದ್ದು ತಿಂದು ಯಾರು ಪರೀಕ್ಷೆಗೆ ಹೋಗ್ತಾರೆ? ಆಸ್ಪತ್ರೆಗೇ ಹೋಗಬೇಕು."

ನಕ್ಕರು. ಚಹಾ ಕುಡಿದರು. ಡಬ್ಬಿ ತಗೊಂಡು ಹೋದರು. ಸಂಜೆ ಬಂದರು, ಉಂಡರು, ಮಗಳ ಚಪ್ಪಲಿಯ ಪಟ್ಟಿಗೆ ತಂತಿ ಸುತ್ತಿ ಕೊಟ್ಟರು. ಅವಳು "ಈ ಚಪ್ಪಲಿ ಹಾಕ್ಕೊಂಡ್ರೆ ಎಲ್ಲರೂ ನಗ್ತಾರೆ ಅಪ್ಪ" ಅಂತ ಮುಖ ಊದಿಸಿದಳು. ಬುಧವಾರ ನಡೆದದ್ದು ಇಷ್ಟೇ.

ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವರು ಬಲ್ಬ್ ಫ್ಯಾಕ್ಟರಿಯಲ್ಲಿದ್ದರು. ಬಲ್ಬಿಗೆ ರಟ್ಟಿನ ಅಂಗಿ ತೊಡಿಸಿ ಪೆಟ್ಟಿಗೆಗೆ ತುಂಬುವ ಕೆಲಸ. ಅದು ಹೇಗೆ ಉರಿಯುತ್ತದೆ ಅಂತ ಒಂದು ದಿನವೂ ತಲೆ ಕೆಡಿಸಿಕೊಂಡವರಲ್ಲ. ಆಮೇಲೆ ಜನ ಆ ಬಲ್ಬು ಕೊಳ್ಳುವುದು ಬಿಟ್ಟರು. ಫ್ಯಾಕ್ಟರಿ ಮುಚ್ಚಿತು. ಎಂಟು ತಿಂಗಳು ಮನೆಯಲ್ಲಿ ಕೂತರು. ಕೂತ ಗಂಡಸು ಮನೆಯ ಸಾಮಾನಿನ ಹಾಗೆ, ಕಸ ಗುಡಿಸುವಾಗ ಸುತ್ತಿ ಬಳಸಿ ಹೋಗಬೇಕು. ಒಂದು ದಿನ ನಾನೇ ಅಂದೆ, "ಎಲ್ಲಾದರೂ ಹೋಗಿ. ಏನಾದರೂ ಕಲೀರಿ." ನಾನು ಅಂದದ್ದಕ್ಕೇ ಹೋದರು. ಅದನ್ನೂ ಹೇಳಿಬಿಡಬೇಕು.

ಕೆಲಸ ಕಲಿಸುವ ಮೇಸ್ತ್ರಿ ಅವರಿಗಿಂತ ಆರು ವರ್ಷ ಚಿಕ್ಕವನು. ಒಳ್ಳೆಯ ಕೆಲಸಗಾರ ಅಂತ ಹೆಸರಿತ್ತು. ಜೊತೆಗೆ ಕಲಿಯುವವರೆಲ್ಲ ಮೀಸೆ ಚಿಗುರದವರು. ಮೊದಲ ದಿನವೇ ಇವರಿಗೆ "ಮಾವ" ಅಂತ ಹೆಸರಿಟ್ಟರು. ಮಾವ, ಏಣಿ ತನ್ನಿ. ಮಾವ, ಬೀಳಬೇಡಿ, ಅತ್ತೆಗೆ ಏನು ಹೇಳೋದು ನಾವು. ಮೇಸ್ತ್ರಿ ಮಾತ್ರ "ದೊಡ್ಡವರೆ" ಅನ್ನುತ್ತಿದ್ದ. ಅದು ಮರ್ಯಾದೆಯೋ ಗೇಲಿಯೋ ಇವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಮೊದಲ ನಾಲ್ಕು ತಿಂಗಳು ತಂತಿ ಮುಟ್ಟಲು ಬಿಡಲಿಲ್ಲ. ಉಳಿ ಸುತ್ತಿಗೆ ಕೊಟ್ಟು ಗೋಡೆ ಕೆತ್ತಿಸಿದರು. ಪೈಪು ಕೂರುವಷ್ಟು ಅಗಲ, ಒಂದು ಬೆರಳೂ ಹೆಚ್ಚಾಗಬಾರದು. ಮನೆಗೆ ಬಂದರೆ ತಲೆ, ಹುಬ್ಬು, ಕಿವಿಯೊಳಗೆಲ್ಲ ಸಿಮೆಂಟು ಪುಡಿ. ಅಂಗೈಯಲ್ಲಿ ಬೊಬ್ಬೆ ಒಡೆದು ತುತ್ತು ಕಲಸಲು ಆಗುತ್ತಿರಲಿಲ್ಲ. ಚಮಚ ಕೊಟ್ಟೆ. ನಾದಿನಿ ಬಂದಿದ್ದವಳು ನೋಡಿದಳು.

"ಅಣ್ಣ ಈ ವಯಸ್ಸಲ್ಲಿ ಕಲಿಯೋಕೆ ಹೊರಟಿದಾನೆ. ಅತ್ತಿಗೆ, ನೀವೂ ಒಂದು ಸ್ಲೇಟ್ ಹಿಡ್ಕೊಂಡು ಅವನ ಹಿಂದೆ ಹೋಗಿ."

"ನಿನಗೂ ಒಂದು ತರಲಾ?" ಅಂದರು ಇವರು. ಬೇಜಾರು ತೋರಿಸಿಕೊಳ್ಳುವವರಲ್ಲ.

ಆಮೇಲೆ ತಂತಿ ಕೊಟ್ಟರು. ಚೂರು ತಂತಿಗಳನ್ನು ಚೀಲದಲ್ಲಿ ತಂದು, ಮನೆಯಲ್ಲಿ ಕೂತು, ಸುಲಿದು, ಒಂದಕ್ಕೊಂದು ಹೆಣೆದು ಗಂಟು ಹಾಕುವುದು ರೂಢಿ ಮಾಡುತ್ತಿದ್ದರು. ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು ಮನೆ ತುಂಬ. ಮಗಳ ಕಾಲಿಗೆ ಚುಚ್ಚಿತು, ನನ್ನ ಕಾಲಿಗೆ ಚುಚ್ಚಿತು. ನಾನು ಬೈದೆ. ಗಂಟನ್ನು ನನ್ನ ಕೈಗೆ ಕೊಟ್ಟು "ಎಳಿ, ಬಿಚ್ಚುತ್ತಾ ನೋಡು" ಅನ್ನುತ್ತಿದ್ದರು. ಎಳೆದರೆ ಬಿಚ್ಚುತ್ತಿತ್ತು. ಒಂದು ತಿಂಗಳಾದ ಮೇಲೆ ಬಿಚ್ಚಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದರೂ ಬಿಚ್ಚಲಿಲ್ಲ. ಆವತ್ತು ಎರಡು ಲೋಟ ಚಹಾ ಕುಡಿದರು.

ಸಣ್ಣ ತಿರುಪು ಕಾಣದೆ ಕನ್ನಡಕ ತಗೊಂಡರು. ಒಮ್ಮೆ ಶಾಕ್ ಹೊಡೆದು ಏಣಿಯಿಂದ ಬಿದ್ದರು. ಮೊಣಕೈ ಊದಿಸಿಕೊಂಡು ಬಂದು "ಇಲಿ ಕಚ್ಚಿದ ಹಾಗಿತ್ತು" ಅಂದರು. ಅಂದಿನಿಂದ ಮೇಸ್ತ್ರಿ ಹೇಳಿಕೊಟ್ಟದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಲು ಶುರು ಮಾಡಿದರು. ಬೇರೆಯವರ ಪುಸ್ತಕದಲ್ಲಿ ಎರಡು ಸಾಲು, ಇವರದು ಪುಟಗಟ್ಟಲೆ. ಮೇಸ್ತ್ರಿ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತಿದ್ದರು. ಶನಿವಾರ ಮೇಸ್ತ್ರಿ ಅದನ್ನು ಓದಿ ಪುಟದ ಕೆಳಗೆ ಸಹಿ ಹಾಕಬೇಕು, ಅದು ಕಾನೂನು. ಓದದೆ ಹಾಕುತ್ತಿದ್ದನೋ ಓದಿ ಹಾಕುತ್ತಿದ್ದನೋ ನನಗೆ ಗೊತ್ತಿಲ್ಲ. ಸಹಿ ಇದೆ.

ಗುರುವಾರ ಮೇಸ್ತ್ರಿ ಬೇರೆ ಕಡೆ ಇದ್ದ. ಫೋನಿನಲ್ಲಿ ಹೇಳಿದನಂತೆ, "ದೊಡ್ಡವರೆ, ಲಾಂಡ್ರಿಗೆ ಹೋಗಿ. ನಾಲ್ಕನೇ ಮಿಷಿನ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತಂತೆ. ಸಣ್ಣ ಕೆಲಸ." ಕಲಿಯುವವನು ಒಬ್ಬನೇ ಕೆಲಸ ಮಾಡಬಾರದು. ಅದೂ ಕಾನೂನು. ಇವರು ಹೋದರು. ಹೆಮ್ಮೆಯಿಂದಲೇ ಹೋಗಿರಬೇಕು.

ಆ ಲಾಂಡ್ರಿಯಲ್ಲಿ ಆಸ್ಪತ್ರೆಗಳ ಬಟ್ಟೆ ಒಗೆಯುತ್ತಾರೆ. ಆಳೆತ್ತರದ ಮಿಷಿನ್ನುಗಳು ಆರು. ಕೆಳಗೆ ನೆಲ ಯಾವಾಗಲೂ ಒದ್ದೆ.

ಹನ್ನೊಂದು ಮುಕ್ಕಾಲಿಗೆ ನನಗೆ ಫೋನು ಬಂತು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಲಗೈ ಅಂಗೈಯಲ್ಲಿ ಒಂದು ಕಪ್ಪು ಗೆರೆ ಬಿಟ್ಟರೆ ಮೈಮೇಲೆ ಏನೂ ಇರಲಿಲ್ಲ. ಒಬ್ಬ ನರ್ಸು ಪ್ಲಾಸ್ಟಿಕ್ ಚೀಲ ಕೊಟ್ಟು ಚೀಟಿಯಲ್ಲಿ ಇದ್ದದ್ದನ್ನು ಓದಿದಳು. ಅಂಗಿ ಒಂದು, ಪ್ಯಾಂಟು ಒಂದು, ಬೆಲ್ಟು, ಕನ್ನಡಕ, ಟೆಸ್ಟರು, ಪಿಂಗಾಣಿ ತುಂಡು ಮೂರು.

"ಇದೇನಮ್ಮ ಇದು, ಜೇಬಲ್ಲಿ ಕಪ್ ಚೂರು ಇಟ್ಕೊಂಡಿದ್ರು?"

ನಾನು ಹೆಬ್ಬೆಟ್ಟು ಒತ್ತಲು ಹೋಗಿ, ನನಗೆ ಬರೆಯಲು ಬರುತ್ತದೆ ಅಂತ ನೆನಪಾಗಿ, ಸಹಿ ಮಾಡಿ ತಗೊಂಡೆ.

ನಾಲ್ಕು ದಿನದಲ್ಲಿ ಊರೆಲ್ಲ ಒಂದೇ ಮಾತು. ಫ್ಯೂಸ್ ತೆಗೆಯದೆ ಕೈ ಹಾಕಿದನಂತೆ. ವಯಸ್ಸಾದ ಮೇಲೆ ಕಲಿತ ಕೆಲಸ, ತಲೆಗೆ ಹತ್ತಿರಲಿಲ್ಲವಂತೆ. ಲಾಂಡ್ರಿಯವರು ಹಾಗೆ ಬರೆದುಕೊಟ್ಟಿದ್ದರು. ನಾದಿನಿ ಗೋಡೆಗೆ ತಲೆ ಆನಿಸಿ, "ನಾನು ಆವತ್ತೇ ಹೇಳಿದ್ದೆ" ಅಂತ ಅತ್ತಳು. ಅವಳ ಅಳು ಸುಳ್ಳಲ್ಲ, ಆದರೂ ನನಗೆ ಅವಳ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಮಗಳು ಶಾಲೆಯಿಂದ ಬಂದು ಚೀಲ ಕೆಳಗೆ ಇಡದೆ ನಿಂತಳು.

"ಅಪ್ಪಂಗೆ ಕೆಲಸ ಬರ್ತಿರಲಿಲ್ವಾ ಅಮ್ಮ?"

"ಯಾರಂದ್ರು?"

"ಎಲ್ಲರೂ."

ಹೋದವರು ಹೋದರು. ಆದರೆ ಎರಡು ವರ್ಷ ಬೊಬ್ಬೆ ಬಂದ ಕೈಯಲ್ಲಿ ಕಲಿತ ಮನುಷ್ಯ ಕೆಲಸ ಬಾರದೆ ಸತ್ತ ಅಂತ ನನ್ನ ಮಗಳು ಬದುಕೆಲ್ಲ ಕೇಳಬೇಕೆ? ಚೀಲ ಬಿಚ್ಚಿದೆ. ಮೂರು ಫ್ಯೂಸುಗಳು. ಬಿಳಿ ಪಿಂಗಾಣಿ ಮೇಲೆ ಕೆಂಪು ಬಣ್ಣದಲ್ಲಿ ನಾಲ್ಕು, ನಾಲ್ಕು, ನಾಲ್ಕು ಅಂತ ಬರೆದಿತ್ತು. ನಾಲ್ಕನೇ ಮಿಷಿನ್ನಿನವು. ಅವರು ತೆಗೆದಿದ್ದರು. ತೆಗೆದು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಹಾಗಾದರೆ ಹೇಗೆ ಸತ್ತರು? ಅದನ್ನು ಬಿಡಿಸಲು ನನಗಾಗಲಿಲ್ಲ.

ಅದನ್ನು ಬಿಡಿಸಿದವನು ಮೇಸ್ತ್ರಿಯೇ. ಸರ್ಕಾರದವರ ವಿಚಾರಣೆಯ ಹಿಂದಿನ ದಿನ ಸಂಜೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಕ್ಕ, ದೊಡ್ಡವರ ಪುಸ್ತಕ ಇದೆಯಾ?"

"ಇದೆ."

"ಅದು ನನಗೆ ಕೊಡಿ. ಆಫೀಸಿಗೆ ಕೊಡಬೇಕು."

"ನಾಳೆ ನಾನೇ ಬರ್ತೀನಲ್ಲ. ನಾನೇ ಕೊಡ್ತೀನಿ."

ಅವನು ಕೈಯಲ್ಲಿ ಬೈಕಿನ ಕೀಲಿ ತಿರುಗಿಸುತ್ತಿದ್ದ.

"ಆಮೇಲೆ ಹೋಗಿ ನೋಡಿದೆ ಅಕ್ಕ, ಅವರು ಹಸಿರು ತಂತಿ ಹಿಡಿದಿದ್ರು. ಅದರ ತಿರುಪು ತುಕ್ಕು ಹಿಡಿದಿತ್ತು. ಬಿಚ್ಚಿ ಉಜ್ಜೋಕೆ ಹೋಗಿದಾರೆ."

"ಹಸಿರಲ್ಲಿ ಭಯವಿಲ್ಲ ಅಂತಲ್ಲ?"

ಅವನು ನನ್ನ ಮುಖ ನೋಡಿದ. ಆ ಮಾತು ನನ್ನ ಬಾಯಲ್ಲಿ ಬರುತ್ತದೆ ಅಂತ ಅವನು ಅಂದುಕೊಂಡಿರಲಿಲ್ಲ.

"ಎಲ್ಲ ಸರಿಯಾಗಿದ್ರೆ ಭಯವಿಲ್ಲ," ಅಂದ. "ಮಿಷಿನ್ ಮೈಗೆ ಸೋರಿದ ಕರೆಂಟನ್ನ ಮಣ್ಣಿಗೆ ಒಯ್ಯೋ ತಂತಿ ಅದು. ಆರೂ ಮಿಷಿನ್ನಿಗೂ ಒಂದೇ. ಪಕ್ಕದ್ದು ಸೋರ್ತಿದ್ರೆ ಅದರಲ್ಲೂ ಬರುತ್ತೆ. ನಾನು ಹಾಗೆ ಬಿಡಿಸಿ ಹೇಳಿರಲಿಲ್ಲ. ನನಗೆ ನನ್ನ ಮೇಸ್ತ್ರಿ ಹೇಳಿದ್ದನ್ನೇ ನಾನು ಹೇಳಿದ್ದು. ಹದಿನಾರು ವರ್ಷದಲ್ಲಿ ನಂಗೆ ಏನೂ ಆಗಿಲ್ಲ."

"ನಿಮಗೆ ಆಗಿಲ್ಲ."

"ಆ ಪುಟ ನೋಡಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ ಅಕ್ಕ. ನನಗೂ ಎರಡು ಮಕ್ಕಳು."

"ಫ್ಯೂಸ್ ತೆಗೀಲಿಲ್ಲ ಅಂತ ಬರೆದಿದಾರಲ್ಲ, ಅದು ಸುಳ್ಳು ಅಂತ ನಿಮಗೆ ಗೊತ್ತಿತ್ತಾ?"

"ಅವರು ತೆಗೀದೆ ಇರೋರಲ್ಲ. ಅದು ಗೊತ್ತಿತ್ತು."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡ್ರಿ."

ತಲೆ ತಗ್ಗಿಸಿಕೊಂಡು ಹೋದ. ನಾನು ಪುಸ್ತಕ ತೆಗೆದು ಆ ಪುಟ ನೋಡಿದೆ. ಮಧ್ಯದಲ್ಲಿ ಅವರ ಅಕ್ಷರ, ಕೆಳಗೆ ಮೇಸ್ತ್ರಿ ಸಹಿ, ಪಕ್ಕದಲ್ಲಿ ನನ್ನ ಗೀಟುಗಳು. ಎಣಿಸಿದೆ. ಒಂಬತ್ತು. ಒಂಬತ್ತು ಸಲ ನಾನೇ ಕೇಳಿ, ನಾನೇ ಸರಿ ಅಂದಿದ್ದೆ. ಅವರ ಬಾಯಲ್ಲಿ ಅದು ನಿಲ್ಲುವ ಹಾಗೆ ಮಾಡಿದವಳು ನಾನು. ಪುಟ ಹರಿದು ಒಲೆಗೆ ಹಾಕಿದರೆ ಮೇಸ್ತ್ರಿಯೂ ಉಳಿಯುತ್ತಾನೆ, ನಾನೂ ಉಳಿಯುತ್ತೇನೆ. ಫ್ಯೂಸ್ ತೋರಿಸಿದರೆ ಸಾಕಲ್ಲ ಅಂತಲೂ ಅನ್ನಿಸಿತು. ಪುಟದ ಮೂಲೆ ಬೆರಳಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಅನ್ನ ತಳ ಹಿಡಿದ ವಾಸನೆ ಬಂದಾಗ ಎದ್ದೆ.

ವಿಚಾರಣೆ ಲಾಂಡ್ರಿಯಲ್ಲೇ ನಡೆಯಿತು. ಸರ್ಕಾರದ ಇನ್‌ಸ್ಪೆಕ್ಟರು, ಲಾಂಡ್ರಿ ಮ್ಯಾನೇಜರು, ಮೇಸ್ತ್ರಿ, ನಾನು. ಮ್ಯಾನೇಜರು ಮೊದಲೇ ಶುರು ಮಾಡಿದ.

"ನಾವು ನೋಡಿದಾಗ ಫ್ಯೂಸ್ ಬೋರ್ಡಲ್ಲೇ ಇತ್ತು ಸಾರ್. ತೆಗೀದೆ ಕೈ ಹಾಕಿದಾರೆ. ಅವರ ತಪ್ಪಿಗೆ ನಾವೇನು ಮಾಡೋಕಾಗುತ್ತೆ?"

ನಾನು ಮೂರು ಫ್ಯೂಸನ್ನೂ ಆಸ್ಪತ್ರೆಯ ಚೀಟಿಯನ್ನೂ ಮೇಜಿನ ಮೇಲೆ ಇಟ್ಟೆ.

ಇನ್‌ಸ್ಪೆಕ್ಟರು ಚೀಟಿ ಓದಿದರು. ಎದ್ದು ಬೋರ್ಡಿನ ಹತ್ತಿರ ಹೋದರು. ಎಲ್ಲ ಫ್ಯೂಸಿನ ಮೇಲೂ ಕೆಂಪು ಬಣ್ಣದ ನಂಬರಿತ್ತು. ನಾಲ್ಕನೇ ಮಿಷಿನ್ನಿನ ಮೂರಕ್ಕೆ ಮಾತ್ರ ಇರಲಿಲ್ಲ. ಹೊಸವು.

"ಇವನ್ನ ಯಾವಾಗ ಹಾಕಿದ್ರಿ?"

"ಆವತ್ತು ಸಂಜೆ ಸಾರ್," ಅಂದ ಮ್ಯಾನೇಜರು. ದನಿ ಇಳಿದಿತ್ತು. "ಆಸ್ಪತ್ರೆ ಚಾದರ ರಾಶಿ ಬಿದ್ದಿತ್ತು. ಮಿಷಿನ್ ಓಡಿಸಲೇಬೇಕಿತ್ತು."

ಆವತ್ತು ಸಂಜೆ ನಾನು ಆಸ್ಪತ್ರೆಯಲ್ಲಿ ಅವರ ಮೇಲೆ ಹೊದಿಸಿದ ಚಾದರ ನೋಡುತ್ತಾ ನಿಂತಿದ್ದೆ. ಅದೂ ಇಲ್ಲೇ ಒಗೆದದ್ದಿರಬೇಕು.

ಇನ್‌ಸ್ಪೆಕ್ಟರು ಮಂಡಿಯೂರಿ ಹಸಿರು ತಂತಿಗೆ ಟೆಸ್ಟರು ಹಿಡಿದರು. ದೀಪ ಹತ್ತಿತು. "ಐದನೇದು ಆರಿಸಿ" ಅಂದರು. ಆರಿಸಿದರು. ದೀಪ ಹೋಯಿತು. ಸೋರುತ್ತಿದ್ದದ್ದು ಐದನೇ ಮಿಷಿನ್ನು. ಇಸ್ತ್ರಿ ಹಾಕುವ ಹೆಂಗಸೊಬ್ಬಳು ದೂರದಿಂದಲೇ ಹೇಳಿದಳು, "ಎರಡು ತಿಂಗಳಿಂದ ಹೇಳ್ತಿದೀವಿ. ಇಲ್ಲಿ ಕೇಳೋರು ಯಾರು?"

ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋದರು. ಗೋಡೆಯ ಬುಡದಲ್ಲಿ ಒಂದು ಗುಂಡಿ, ಅದಕ್ಕೆ ಕಬ್ಬಿಣದ ಮುಚ್ಚಳ. ಹಸಿರು ತಂತಿ ಬಂದು ಮಣ್ಣು ಸೇರುವುದು ಅಲ್ಲಿ. ಒಳಗೆ ಉಪ್ಪು, ಇದ್ದಿಲು ತುಂಬಿ ದಿನಾ ನೀರು ಹಾಕಬೇಕಂತೆ. ಹಸಿಯಾಗಿದ್ದರೆ ಮಾತ್ರ ಮಣ್ಣು ಕರೆಂಟನ್ನು ಎಳೆದುಕೊಳ್ಳುತ್ತದಂತೆ. ಮುಚ್ಚಳ ತೆಗೆದರೆ ಸಿಗರೇಟು ತುಂಡುಗಳು, ಒಣಗಿ ಬಿಳಿಚಿದ ಇದ್ದಿಲು, ಬಿರುಕು ಬಿಟ್ಟ ಮಣ್ಣು.

"ಇದಕ್ಕೆ ನೀರು ಹಾಕೋರು ಯಾರು?"

ಮ್ಯಾನೇಜರು ವಾಚ್‌ಮನ್ ಕಡೆ ನೋಡಿದ. ವಾಚ್‌ಮನ್ ಮ್ಯಾನೇಜರ ಕಡೆ ನೋಡಿದ. "ನನಗೆ ಯಾರೂ ಹೇಳಿಲ್ಲ ಸಾರ್. ಇದು ಚರಂಡಿ ಅಂದ್ಕೊಂಡಿದ್ದೆ."

ಇನ್‌ಸ್ಪೆಕ್ಟರು ನನಗೆ ಅರ್ಥವಾಗುವ ಹಾಗೆ ಹೇಳಿದರು. "ಕರೆಂಟಿಗೆ ಇಲ್ಲಿ ದಾರಿ ಸಿಗಲಿಲ್ಲಮ್ಮ. ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತು ತಂತಿ ಹಿಡಿದವರ ಮೈಯಲ್ಲಿ ಸಿಕ್ತು." ಮತ್ತೆ ಒಳಗೆ ಬಂದು ಕೂತು, ಬರೆಯುತ್ತಾ ತಮಗೆ ತಾವೇ ಕೇಳಿಕೊಂಡರು. "ಫ್ಯೂಸ್ ತೆಗೆದಿದಾರೆ. ಉಳಿದ ತಂತಿಗೆಲ್ಲ ಟೆಸ್ಟರ್ ಹಿಡಿದೇ ಇರ್ತಾರೆ. ಇದಕ್ಕೆ ಯಾಕೆ ಹಿಡೀಲಿಲ್ಲ? ಎರಡು ಸೆಕೆಂಡ್ ಕೆಲಸ."

ಪುಸ್ತಕ ನನ್ನ ತೊಡೆಯ ಮೇಲಿತ್ತು. ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ನಾನು ಸುಮ್ಮನಿದ್ದರೆ ಆ ಪ್ರಶ್ನೆಗೆ ಅವರು ಬರೆಯುವುದು ಒಂದೇ ಉತ್ತರ. ಕೆಲಸ ಗೊತ್ತಿಲ್ಲದೆ ಅಂತ.

ಪುಟ ತೆಗೆದು ಮುಂದೆ ಇಟ್ಟೆ.

ಅವರು ಎರಡು ಸಲ ಓದಿದರು. "ಈ ಸಹಿ ಯಾರದು?"

ಮೇಸ್ತ್ರಿ ತಡೆದು ತಡೆದು ಹೇಳಿದ. "ನಂದೇ ಸಾರ್. ನಾನೇ ಹೇಳಿಕೊಟ್ಟಿದ್ದು. ಒಬ್ಬರನ್ನೇ ಕಳಿಸಿದ್ದೂ ನಾನೇ."

"ಈ ಕೆಂಪು ಗೀಟು?"

"ಅದು ನಂದು," ಅಂದೆ.

ಅವರು ನನ್ನನ್ನು ಒಮ್ಮೆ ನೋಡಿ ಬರೆಯುವುದನ್ನು ಮುಂದುವರಿಸಿದರು.

ಒಂದೂವರೆ ತಿಂಗಳ ಮೇಲೆ ಕಾಗದ ಬಂತು. ಮಗಳ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆ. ನಾದಿನಿಯನ್ನೂ ಕರೆಸಿ ಕೂರಿಸಿದ್ದೆ. ಕೆಲಸಗಾರರು ಫ್ಯೂಸ್ ತೆಗೆದು ತಮ್ಮ ಬಳಿ ಇಟ್ಟುಕೊಂಡಿದ್ದರು, ತಮಗೆ ಕಲಿಸಿದ ಕ್ರಮವನ್ನು ತಪ್ಪದೆ ಪಾಲಿಸಿದ್ದರು, ಕಲಿಸಿದ ಕ್ರಮದಲ್ಲೇ ದೋಷವಿತ್ತು, ಲಾಂಡ್ರಿಯವರು ಗುಂಡಿಯನ್ನು ನೋಡಿಕೊಂಡಿರಲಿಲ್ಲ. ಮೇಸ್ತ್ರಿಯ ಲೈಸೆನ್ಸು ಒಂದು ವರ್ಷ ತಡೆದರು. ಲಾಂಡ್ರಿಗೆ ದಂಡ ಹಾಕಿದರು. ಮಗಳು 'ತಪ್ಪದೆ ಪಾಲಿಸಿದ್ದರು' ಅನ್ನುವ ಕಡೆ ಬೆರಳಿಟ್ಟು ಮತ್ತೊಂದು ಸಲ ಓದಿದಳು.

"ಹಾಗಾದ್ರೆ ಅಣ್ಣಂದು ಏನೂ ತಪ್ಪಿಲ್ಲ," ಅಂದಳು ನಾದಿನಿ.

"ಇಲ್ಲ."

"ತಪ್ಪು ಮಾಡಿದ್ರೇ ಚೆನ್ನಾಗಿತ್ತು ಅತ್ತಿಗೆ. ಹೇಳಿದ ಮಾತು ಮೀರಿದ್ರೆ ಬದುಕ್ತಿದ್ದ."

ನಾನು ಮಗಳ ಕೈಯಿಂದ ಕಾಗದ ತಗೊಂಡು ಮಡಿಸಿದೆ.

ಪರೀಕ್ಷೆಯ ದಿನ ಅಷ್ಟರಲ್ಲೇ ಬಂದು ಹೋಗಿತ್ತು. ಅವರ ನಂಬರಿನ ಚೀಟಿ ಅದಕ್ಕೂ ಮುಂಚೆ ಅಂಚೆಯಲ್ಲಿ ಬಂದಿತ್ತು. ಯಾರಿಗೆ ವಾಪಸು ಕಳಿಸಬೇಕು ಅಂತ ಗೊತ್ತಾಗದೆ ಕಪಾಟಿನಲ್ಲಿ ಇಟ್ಟಿದ್ದೇನೆ.

ನನಗೆ ಆ ಲಾಂಡ್ರಿಯಲ್ಲೇ ಕೆಲಸ ಕೊಟ್ಟರು. ಚಾದರ ಮಡಿಸುವುದು. ಅಲ್ಲಿಗೆ ಯಾವ ಮುಖ ಇಟ್ಟುಕೊಂಡು ಹೋಗುತ್ತೀಯ ಅಂದರು ಜನ. ಮನೆಗೆ ಹತ್ತಿರ, ಮಗಳು ಶಾಲೆಯಿಂದ ಬರುವಷ್ಟರಲ್ಲಿ ವಾಪಸು ಬರಬಹುದು, ಹೋದೆ. ಐದನೇ ಮಿಷಿನ್ನು ರಿಪೇರಿ ಆಗಿದೆ. ನಾಲ್ಕನೆಯದರ ಮುಂದೆ ದಿನಕ್ಕೆ ಇಪ್ಪತ್ತು ಸಲ ಓಡಾಡುತ್ತೇನೆ. ಮೊದಲ ವಾರ ಸುತ್ತಿ ಬಳಸಿ ಹೋಗುತ್ತಿದ್ದೆ. ಈಗ ನೇರ ಹೋಗುತ್ತೇನೆ, ಅದು ನನಗೇ ಸರಿ ಕಾಣುವುದಿಲ್ಲ.

ಗುಂಡಿಯ ಮೇಲಿನ ಗೋಡೆಗೆ ಒಂದು ಪಟ್ಟಿ ನೇತು ಹಾಕಿದ್ದಾರೆ. ನೀರು ಹಾಕಿದವರು ಸಹಿ ಮಾಡಬೇಕು. ವಾಚ್‌ಮನ್ ಒಂದನೇ ತಾರೀಖಿಗೇ ಇಡೀ ತಿಂಗಳ ಸಹಿ ಮಾಡಿಬಿಡುತ್ತಾನೆ. ನಾನು ಅವನಿಗೆ ಏನೂ ಅನ್ನುವುದಿಲ್ಲ. ಬೆಳಿಗ್ಗೆ ಆರೂವರೆಗೆ, ಮಿಷಿನ್ನು ಶುರುವಾಗುವ ಮುಂಚೆ, ಒಗೆಯುವ ಕಡೆಯಿಂದ ಎರಡು ಬಕೆಟ್ ನೀರು ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಮುಚ್ಚಳ ಭಾರ, ಕಾಲಲ್ಲಿ ಸರಿಸುತ್ತೇನೆ. ಸಿಗರೇಟು ತುಂಡು ಬಿದ್ದಿದ್ದರೆ ಆರಿಸಿ ಹಾಕುತ್ತೇನೆ. ಮೊದಲ ಬಕೆಟ್ ಸುರಿದ ಕೂಡಲೇ ಇಂಗಿ ಹೋಗುತ್ತದೆ. ಎರಡನೆಯದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದು ಪೂರ್ತಿ ಇಂಗುವವರೆಗೆ ನಿಂತಿದ್ದು, ಮುಚ್ಚಳ ಎಳೆದು, ಬಕೆಟ್ ತಗೊಂಡು ಒಳಗೆ ಬರುತ್ತೇನೆ.